ಬಲಗಡೆ ಸೀಟಿನ ಮಾಲಕರು

ನಾನು ಮೊದಲನೇ ಸಲ ಮನೆ ಬಿಟ್ಟದ್ದು ಕಾರಹುಣ್ಣಿವೆಯ ಮರುದಿನ, ಬುಧವಾರ. ಮುದ್ದೇಬಿಹಾಳದ ಸಾಲಿಯಲ್ಲಿ ಆರನೇ ಇಯತ್ತೆ. ಮಾಸ್ತರರು ರೊಕ್ಕ ಕೊಟ್ಟು, ಬೋರ್ಡಿನ ಮೇಲೆ ಬರೆಯುವ ಖಡು ತಗೊಂಡು ಬಾ ಅಂತ ಬಜಾರಕ್ಕೆ ಕಳಿಸಿದರು. ಖಡು ಕೊಂಡೆ. ಅಂಗಡಿಯ ಮುಂದೆ ಒಂದು ಲಾರಿ ನಿಂತಿತ್ತು, ಎಂಜಿನ್ ಚಾಲೂ ಇತ್ತು. ಇದು ಎಲ್ಲಿಗೆ ಹೋಗುತ್ತದೋ ನೋಡೋಣ ಅನ್ನಿಸಿತು, ಹತ್ತಿಬಿಟ್ಟೆ. ಆ ಖಡು ಇವತ್ತಿಗೂ ಸಾಲಿಗೆ ಮುಟ್ಟಿಲ್ಲ.

ಆಮೇಲೆ ಕ್ಲೀನರ್ ಆದೆ, ಡ್ರೈವರ್ ಆದೆ, ಮೆಕ್ಯಾನಿಕ್ ಆದೆ, ಎಲ್ಲೂ ಆರು ತಿಂಗಳ ಮೇಲೆ ನಿಲ್ಲಲಿಲ್ಲ. ಹಿಂಗ ಊರೂರು ಅಲೆಯುವವರಿಗೆ ದೆವ್ವ ಗಂಟು ಬೀಳುತ್ತವೆ ಅಂತ ನಮ್ಮವ್ವ ಹೆದರಿಸುತ್ತಿದ್ದಳು. ನನಗೆ ಗಂಟು ಬಿದ್ದವರೆಲ್ಲ ಊಟ ಮಾಡುವ ಮನುಷ್ಯರೇ. ಒಂದು ಗಾಡಿಯ ವಿಷಯದಲ್ಲಿ ಮಾತ್ರ ಖಾತ್ರಿ ಹೇಳಲಾರೆ.

ಝಳಕಿಯಲ್ಲಿ ಮೂರು ಚಾ

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಇಂಡಿ ಊರಿನ ಒಂದು ಗ್ಯಾರೇಜಿನಲ್ಲಿದ್ದೆ. ಒಂದು ಮಧ್ಯಾಹ್ನ ಆಟೋದಿಂದ ಒಬ್ಬ ಹೆಂಗಸು ಇಳಿದರು. ಐವತ್ತೈದರ ವಯಸ್ಸು, ಗಿಡ್ಡ ಕೂದಲು, ಸಣ್ಣ ಕಣ್ಣು, ಮುಖ ನೋಡಿದರೆ ದೂರದೇಶದವರು. ಗ್ಯಾರೇಜಿನ ಮಾಲಕ ಇಂಗ್ಲಿಷ್ ಬರುವವರನ್ನು ಹುಡುಕಲು ಓಡುವ ಹೊತ್ತಿಗೆ ಅವರು ಬಾಯಿ ತೆರೆದರು. "ಎಡಗಡೆ ಸ್ಟೇರಿಂಗಿನ ಗಾಡಿ ನಡಸಿದವರು ಯಾರರ ಅದಾರೇನ್ರಿ ಇಲ್ಲಿ?" ಅಚ್ಚ ಇಂಗಳೇಶ್ವರದ ಗೌಡರ ಮಾತು.

ನಾನು ಅಂಥ ಗಾಡಿ ಕಣ್ಣಿಂದಲೂ ನೋಡಿರಲಿಲ್ಲ. ನಡೆಸೇನಿ ಅಂತ ಕೈ ಎತ್ತಿದೆ.

ನಮ್ಮ ಕಡೆ ಅಮ್ಮಾವರಿಗೆ ಅನ್ನುವಂತೆ ನಾನು ಅವರನ್ನು ಬಾಯಾರು ಅಂತ ಕರೆದೆ. ಅವರು ಫಿಲಿಪೈನ್ಸಿನವರು, ಮಸ್ಕತ್ತಿನಲ್ಲಿ ನರ್ಸ್ ಆಗಿದ್ದವರು. ಗಂಡ ನಮ್ಮ ಇಂಗಳೇಶ್ವರದವರು. ನನ್ನಂಗೇ ಚಿಕ್ಕಂದಿನಲ್ಲಿ ಮನೆ ಬಿಟ್ಟು, ಅಲ್ಲಿ ಕ್ರೇನ್ ನಡೆಸಿಕೊಂಡಿದ್ದರು. ಕನ್ನಡ ಕಲಿಸಿದವರು ಅವರೇ. ಕೆಲಸದಿಂದ ನಿವೃತ್ತಿ ಆಗಿ ಇಬ್ಬರೂ ಇಲ್ಲಿಗೆ ಬಂದು ಇರುವುದೆಂದು ಮಾತಾಗಿತ್ತು. ಬಿಳಿ ಜಪಾನಿ ಕಾರನ್ನು ಮುಂಚಿತವಾಗಿ ಹಡಗಿಗೆ ಹಾಕಿದರು. ಹಡಗು ಸಮುದ್ರದಲ್ಲಿರುವಾಗಲೇ ಗಂಡನ ಎದೆ ನಿಂತಿತು. ಅಲ್ಲೇ ಮಣ್ಣು ಮಾಡಿದರು. ಬಾಯಾರು ತಮ್ಮ ದೇಶಕ್ಕೆ ಹೋಗಬಹುದಿತ್ತು. "ಗಾಡಿ ಮುಂದ ಹೊಂಟು ಹೋಗಿತ್ತಲ್ಲ, ಅದರ ಹಿಂದ ಬಂದೆ" ಅಂದರು, ಬಸ್ಸು ತಪ್ಪಿಸಿಕೊಂಡವರು ಹೇಳಿದಂಗ.

ತೊಡಕು ಒಂದೇ. ಬಂದರದ ಕಾಗದಗಳೆಲ್ಲ ಸತ್ತವರ ಹೆಸರಿನಲ್ಲಿದ್ದವು. ಆರು ತಿಂಗಳಲ್ಲಿ ಇಲ್ಲಿ ಬಾಯಾರ ಹೆಸರಿಗೆ ನೋಂದಣಿ ಆಗಬೇಕು, ಇಲ್ಲವಾದರೆ ಗಾಡಿ ಮತ್ತೆ ಬಂದರಕ್ಕೆ. ಗಾಡಿ ಹೋದರೆ ತಾವೂ ಹೋಗುವುದೇ ಅಂತ ಬಾಯಾರು ಮೊದಲ ದಿನವೇ ಹೇಳಿಬಿಟ್ಟರು. ಈ ದೇಶದಲ್ಲಿ ಅವರ ಗುರ್ತಿನದು ಅದೊಂದೇ.

ಮುಂಬೈಯಿಂದ ನಾನೇ ಓಡಿಸಿಕೊಂಡು ಬಂದೆ. ನಾನು ಎಡಕ್ಕೆ, ಸ್ಟೇರಿಂಗ್ ಮುಂದೆ. ಬಾಯಾರು ಹಿಂದೆ. ಬಲಗಡೆ ಸೀಟಿನಲ್ಲಿ ಒಂದು ಬಿಸ್ಕೀಟಿನ ತಗಡಿನ ಡಬ್ಬಿ, ಅದಕ್ಕೆ ಬೆಲ್ಟು ಹಾಕಿತ್ತು. ಅದನ್ನು ತೆಗೆದು ಡಿಕ್ಕಿಯಲ್ಲಿ ಇಡಲೇನು ಅಂತ ಕೇಳಿದ್ದಕ್ಕೆ, ಅಲ್ಲೇ ಇರಲಿ, ಹಿಂದ ಕುಂತ್ರ ಅವರಿಗೆ ಆಗೂದಿಲ್ಲ ಅಂದರು. ಭಾಷೆಯಲ್ಲಿ ಏನೋ ತಪ್ಪಿರಬೇಕು ಅಂದುಕೊಂಡೆ.

ಸೊಲ್ಲಾಪುರ ದಾಟಿ ಝಳಕಿಗೆ ಬಂದಾಗ ಸುಡುಸುಡು ಮಧ್ಯಾಹ್ನ. ರಸ್ತೆಯ ಮೇಲೆ ನರಪಿಳ್ಳೆ ಇಲ್ಲ. ರಸ್ತೆಯ ಬಲಕ್ಕಿದ್ದ ಚಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನನ್ನ ಕಡೆಯ ಬಟನ್ ಒತ್ತಿ ಬಲಗಡೆಯ ಗ್ಲಾಸು ಇಳಿಸಿ, ಎರಡು ಚಾ ಅಂತ ಕೂಗಿದೆ. ಅಂಗಡಿಯವನು ಅಲ್ಲೇ ನಿಂತ. ಅವನ ಕಣ್ಣಿಗೆ ಬಿದ್ದದ್ದು ಇಷ್ಟು: ಡ್ರೈವರ್ ಕೂಡುವ ಜಾಗದಲ್ಲಿ ಯಾರೂ ಇಲ್ಲ, ಗಾಡಿ ತಾನೇ ಬಂತು, ತಾನೇ ನಿಂತಿತು, ಗ್ಲಾಸು ತಾನೇ ಇಳಿಯಿತು, ಒಳಗಿನಿಂದ ದನಿ ಬಂತು. ಬಿಸಿಲಿಗೆ ನಾನಿದ್ದ ಕಡೆ ಕತ್ತಲೆ.

ಸ್ವಲ್ಪ ಹೊತ್ತಿಗೆ ಚಾ ಬಂತು. ನಾನು ಇಳಿದು ಮುಖ ತೋರಿಸಿದೆ, ಬಾಯಾರೂ ತೋರಿಸಿದರು. ಅವನು ಎರಡು ಕಪ್ಪು ನಮಗೆ ಕೊಟ್ಟು, ಮೂರನೆಯದನ್ನು ಬಲಗಡೆ ಕಿಟಕಿಯ ಮೇಲೆ ಇಟ್ಟ.

"ಎರಡss ಹೇಳಿದ್ನಲ್ಲೋ" ಅಂದೆ.

"ಗಾಡಿ ನಡಸಿಕೊಂಡ ಬಂದವರಿಗೆ ಬ್ಯಾಡೇನ್ರಿ?" ಅಂದ.

ಸ್ಥಳದಲ್ಲಿ ಇಲ್ಲದ ಚಾಲಕ

ಬಾಯಾರು ಬಸವನ ಬಾಗೇವಾಡಿಯಲ್ಲಿ ಬಾಡಿಗೆ ಮನೆ ಹಿಡಿದರು. ನಾನು ಅಲ್ಲೇ ಹಿಂದಿನ ಖೋಲಿಯಲ್ಲಿ ಉಳಿದೆ. ಒಂದು ದಿನ ಗಂಡನ ಹಳೆಯ ಗೆಳೆಯನನ್ನು ನೋಡಿಬರುತ್ತೇನೆಂದು ಸಿಂದಗಿಗೆ ಹೊರಟರು. ಊರ ಹೊರಗೆ ಒಬ್ಬ ಪೊಲೀಸಪ್ಪ ಬೇವಿನ ಗಿಡದ ಕೆಳಗೆ ನಿಂತು ಗಾಡಿ ಹಿಡಿಯುತ್ತಿದ್ದ. ಕೈ ಮಾಡಿದ. ನಿಲ್ಲಿಸಿದೆ. ರೂಢಿಯಂತೆ ಬಲಗಡೆ ಬಂದು, ಬಗ್ಗದೆ, ಎಲ್ಲೋ ನೋಡುತ್ತ ಲೈಸೆನ್ಸಿಗೆ ಕೈ ಚಾಚಿದ. ಕೈಗೆ ಏನೂ ಬರಲಿಲ್ಲ. ಬಗ್ಗಿ ನೋಡಿದ. ಬೆಲ್ಟು ಕಟ್ಟಿಕೊಂಡ ಡಬ್ಬಿ.

ನಾನು ಈ ಕಡೆಯಿಂದ, ಸಾಹೇಬ್ರ ನಾ ಇಲ್ಲಿ ಅದೇನಿ ಅಂದೆ. ನೀ ಯಾರು ಅಂದ. ಡ್ರೈವರ್ ಅಂದೆ. ಅವನು ಗಾಡಿಯನ್ನು ಒಂದು ಸುತ್ತು ಹಾಕಿ, ನನ್ನ ಮುಂದಿನ ಸ್ಟೇರಿಂಗ್ ನೋಡಿದ, ಡಬ್ಬಿ ನೋಡಿದ, ಹಿಂದೆ ಕೂತ ಬಾಯಾರನ್ನು ನೋಡಿದ. ಆ ಡಬ್ಬಿಗ್ಯಾಕ ಬೆಲ್ಟು ಅಂತ ಕೇಳಿದ. ಬಾಯಾರು, ಅವರು ಎಂದೂ ಬೆಲ್ಟ್ ಹಾಕದ ಕೂಡ್ತಿದ್ದಿಲ್ರಿ ಅಂದರು.

ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. ದಂಡ ಹಾಕದೆ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಹಾಕಿದರೆ ಏನಂತ ಹಾಕುವುದು. ಬಹಳ ಹೊತ್ತು ಯೋಚನೆ ಮಾಡಿ ಒಂದು ಚೀಟಿ ಬರೆದು, ದೂರದಿಂದಲೇ ಕೈಚಾಚಿ ಕೊಟ್ಟ. ಚೀಟಿ ಈಗಲೂ ನನ್ನ ಟ್ರಂಕಿನಲ್ಲಿದೆ. "ವಾಹನ ಓಡುತ್ತಿರುವಾಗ ಚಾಲಕ ತನ್ನ ಸ್ಥಳದಲ್ಲಿ ಇರಲಿಲ್ಲ."

ಫರಸಿ

ಬಾಗೇವಾಡಿಯ ಮನೆಯ ಮಾಲಕ ಅಂಗಳಕ್ಕೆ ಹೊಸದಾಗಿ ಫರಸಿ ಕಲ್ಲು ಹಾಸಿದ್ದ. ದಿನಾ ಬೆಳಿಗ್ಗೆ ಬಂದು, ಮಗುವಿನ ಮೈ ನೋಡಿದಂತೆ ಒಂದೊಂದೇ ಕಲ್ಲು ನೋಡಿ ಹೋಗುತ್ತಿದ್ದ. ಅದರ ಮೇಲೇ ನಾನು ಗಾಡಿ ಬಿಚ್ಚಿದೆ.

ಆವತ್ತು ಬಾಯಾರು ಸಂತೆಗೆ ಹೋಗಿದ್ದರು. ಬಲಗಡೆ ಬಾಗಿಲು ಗಡಗಡ ಅನ್ನುತ್ತಿತ್ತು. ಅದರ ಒಳಹಲಗೆ ತೆಗೆದು ಬಿಗಿ ಮಾಡಿದೆ. ಗ್ಲಾಸು ಹಿಡಿಯುವ ಒಂದು ನಟ್ ಕೈಯಿಂದ ಜಾರಿ ಬಿತ್ತು. ಹುಡುಕಿದೆ, ಸಿಗಲಿಲ್ಲ. ಒಂದು ನಟ್ ಇಲ್ಲದಿದ್ದರೆ ಜಗತ್ತು ನಿಲ್ಲುವುದಿಲ್ಲ ಅಂತ ಬಾಗಿಲು ಮುಚ್ಚಿ, ಎಂಜಿನ್ ಎಣ್ಣೆ ಬದಲಿಸಲು ಕೆಳಗೆ ಹೊಕ್ಕೆ. ಕೆಳಗಿಟ್ಟ ಬೋಗುಣಿ ಕಾಲಿಗೆ ತಾಗಿ ಮಗುಚಿತು. ಕರಿ ಎಣ್ಣೆ ಫರಸಿಯ ಮೇಲೆ ಹರಿಯತೊಡಗಿತು.

ಎಣ್ಣೆ ಹೀರಬೇಕಾದರೆ ಒಣಮಣ್ಣು ಬೇಕು. ಹಿಂದಿನ ದಿನ ಮಳೆಯಾಗಿ ಹೊರಗಿನ ಎರೆಮಣ್ಣು ಹಿಟ್ಟು ನಾದಿದಂತಾಗಿತ್ತು. ಅತ್ತ ಮನೆಯ ಮಾಲಕನ ಕೆಮ್ಮು ಬೀದಿಯ ತುದಿಯಲ್ಲಿ ಕೇಳಿಸಿತು. ಆಗ ನೆನಪಾಯಿತು. ಒಮ್ಮೆ ಬಿಸ್ಕೀಟು ಇರಬಹುದೆಂದು ಆ ಡಬ್ಬಿಯ ಮುಚ್ಚಳ ತೆಗೆದು ನೋಡಿದ್ದೆ: ಒಳಗೆ ಬರೀ ಹಳದಿ ಮರಳುಮಣ್ಣು. ಒಣಗಿದ್ದು, ನುಣ್ಣಗಿನದು. ಪರದೇಶದವರು ಏನೇನೋ ನೆನಪಿಗೆ ಇಟ್ಟುಕೊಳ್ಳುತ್ತಾರೆ, ಸ್ವಲ್ಪ ಕಡಿಮೆಯಾದರೆ ತಿಳಿಯುವುದಿಲ್ಲ ಅಂತ ಮೂರು ಹಿಡಿ ತೆಗೆದು ಎಣ್ಣೆಯ ಮೇಲೆ ಹಾಕಿದೆ. ಹೀರಿತು. ಅಷ್ಟು ಲಗೂನ ಹೀರುವ ಮಣ್ಣು ನಾನು ನೋಡೇ ಇಲ್ಲ. ಗುಡಿಸಿ ಒಂದು ಗೋಣಿಚೀಲದಲ್ಲಿ ತುಂಬಿ ಹಿತ್ತಲಿಗೆ ಒಗೆದೆ.

ಮನೆಯ ಮಾಲಕ ಬಂದು ಬಗ್ಗಿ ನೋಡಿ, ಈ ಕಲ್ಲು ಮೊದಲಿಗಿಂತ ಹೊಳೀತೈತಲ್ಲ, ಏನ ಹಚ್ಚಿದಿ ಅಂತ ಕೇಳಿದ. ಉಳಿದ ಕಲ್ಲಿಗೂ ಹಚ್ಚಿಕೊಡು ಅಂತ ಬೆನ್ನು ಹತ್ತಿದ.

ಬ್ರೇಕು

ತಿಂಗಳಿಗೊಮ್ಮೆ ಬಾಗೇವಾಡಿಗೆ ಮೋಟಾರ್ ಇನ್ಸ್‌ಪೆಕ್ಟರರ ಕ್ಯಾಂಪು. ಮೈದಾನದಲ್ಲಿ ಟ್ರ್ಯಾಕ್ಟರು, ಟೆಂಪೋಗಳ ಸಾಲಿನ ಕೊನೆಗೆ ನಮ್ಮ ಗಾಡಿ ನಿಲ್ಲಿಸಿದೆ. ಇನ್ಸ್‌ಪೆಕ್ಟರರು ವಯಸ್ಸಾದ ಮನುಷ್ಯ, ಅವಸರದವರು. ನಾನೇ ಓಡಿಸಿ ನೋಡ್ತೇನಿ ಅಂತ ಬಲಗಡೆ ಬಾಗಿಲು ತೆಗೆದು, ಡಬ್ಬಿಯ ಬೆಲ್ಟು ಬಿಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕೂತ ಮೇಲೆ ಸ್ಟೇರಿಂಗ್ ಇಲ್ಲ. ಸುತ್ತ ಮಂದಿ ನೋಡುತ್ತಿದ್ದರು, ಇಳಿದರೆ ನಗೆಗೀಡು. ಇಲ್ಲಿಂದಲೇ ನೋಡ್ತೇನಿ, ನೀ ಹೊಡಿ ಅಂದರು.

ಮೈದಾನ ಸುತ್ತಿದೆವು. ತಿರುವು ಬಂದಾಗಲೆಲ್ಲ ಅವರು ಬಲಗಾಲಿನಿಂದ ಖಾಲಿ ನೆಲವನ್ನು ಒತ್ತುತ್ತಿದ್ದರು. ಕೊನೆಗೆ ಹಾಳೆಯ ಮೇಲೆ ಬರೆದರು: ಬ್ರೇಕು ಹಿಡಿಯುವುದಿಲ್ಲ.

ಆಮೇಲೆ ಕಾಗದ ತಿರುವಿದರು. ಗಾಡಿ ತಂದವರು ಗಂಡಸರು ಅಂತ ಐತಲ್ಲ ಅಂದರು.

"ಮಾಲಕರನ್ನ ಕರೀರಿ. ಎಲ್ಲಿ ಅದಾರ?"

ಬಾಯಾರು ಹಿಂದಿನ ಸೀಟಿನಿಂದ ಮೆಲ್ಲಗೆ ಹೇಳಿದರು. "ನಿಮ್ಮ ತೊಡಿ ಮ್ಯಾಲ ಅದಾರ್ರಿ."

ಅದು ಮಸ್ಕತ್ತಿನ ಗೋರಿಯ ಮಣ್ಣು. ಊರಿಗೆ ಬರಬೇಕೆಂದು ಆಸೆಪಟ್ಟವರನ್ನು ಇಡಿಯಾಗಿ ತರಲಾಗಲಿಲ್ಲ, ಆದಷ್ಟು ತಂದೇನಿ ಅಂದರು.

ಇನ್ಸ್‌ಪೆಕ್ಟರರ ಎರಡೂ ಕೈ ಡಬ್ಬಿ ಬಿಟ್ಟು ಮೇಲೆದ್ದವು. ಡಬ್ಬಿಯನ್ನು ಕೆಳಗಿಡುವಂತಿಲ್ಲ, ಹಿಡಿದುಕೊಳ್ಳುವಂತಿಲ್ಲ. ನಿಧಾನಕ್ಕೆ ಇಳಿದು, ಅದನ್ನು ಮತ್ತೆ ಸೀಟಿನ ಮೇಲಿಟ್ಟು, ತಾವೇ ಬೆಲ್ಟು ಹಾಕಿ, ತಪ್ಪ ಆತ್ರಿ ಅಂತ ಡಬ್ಬಿಗೆ ಹೇಳಿದರು. ಬಾಯಾರಿಗೆ ದಾರಿಯನ್ನೂ ಹೇಳಿಕೊಟ್ಟರು. ಗಂಡನ ಅಣ್ಣ ಇಂಗಳೇಶ್ವರದಲ್ಲಿದ್ದಾರೆ. ತಮ್ಮ ಸತ್ತದ್ದು ನಿಜ, ಗಾಡಿಯ ಮೇಲೆ ನಮ್ಮ ಹಕ್ಕಿಲ್ಲ ಅಂತ ಅವರು ಊರ ಲೆಕ್ಕ ಬರೆಯುವ ತಲಾಠಿಯ ಮುಂದೆ ಸಹಿ ಮಾಡಿಕೊಟ್ಟರೆ ವಾರಸಾ ಕಾಗದ ಸಿಗುತ್ತದೆ, ಮುಂದಿನ ಕ್ಯಾಂಪಿನಲ್ಲಿ ನೋಂದಣಿ. ಗಡುವು ಮುಗಿಯುವ ಮೊದಲು ಅದೇ ಕೊನೆಯ ಕ್ಯಾಂಪು.

ನನಗೆ ಇದ್ಯಾವುದೂ ನೆಟ್ಟಗೆ ಕೇಳಿಸಲಿಲ್ಲ. ಮಾಲಕರು ಮೂರು ಹಿಡಿ ಕಡಿಮೆ ಇದ್ದರು. ಆ ಮೂರು ಹಿಡಿ ಹಿತ್ತಲಿನ ಗೋಣಿಚೀಲದಲ್ಲಿ, ಎಣ್ಣೆ ಕುಡಿದು ಕೂತಿದ್ದವು.

ಅಣ್ಣಾರು

ಆವತ್ತೇ ಸಂಜೆ, ಬಾಯಾರು ಒಲೆಯ ಮುಂದಿರುವಾಗ, ಚೀಲ ಕೊಡವಿ ಆ ಮಣ್ಣನ್ನು ಮತ್ತೆ ಡಬ್ಬಿಗೆ ಹಾಕಿ ಬೆರಳಾಡಿಸಿ ಕಲಿಸಿದೆ. ನೋಡಿದರೆ ತಿಳಿಯುತ್ತಿರಲಿಲ್ಲ. ಮೂಸಿದರೆ ತಿಳಿಯುತ್ತಿತ್ತು. ಸತ್ತವರನ್ನು ಯಾರು ಮೂಸುತ್ತಾರೆ ಅಂತ ಸಮಾಧಾನ ಮಾಡಿಕೊಂಡೆ.

ಮರುದಿನ ಇಂಗಳೇಶ್ವರಕ್ಕೆ ಹೋದೆವು. ಊರಿಗೆ ಮೊದಲು ಅಣ್ಣಾರ ಹೊಲ. ಹೊಲದ ಬದುವಿನ ಹತ್ತಿರ ಬರುತ್ತಲೂ ಬಲಗಡೆ ಗ್ಲಾಸು ಕರ್ರ್ ಅಂತ ತಾನೇ ಇಳಿಯಿತು. ನಾನು ಬಟನ್ ಮುಟ್ಟಿರಲಿಲ್ಲ. ನಟ್ ಬಿದ್ದಿದೆಯಲ್ಲ, ತೆಗ್ಗಿನಲ್ಲಿ ಕುಲುಕಿ ಜಾರಿತು ಅಂದುಕೊಂಡೆ. ಕೈಯಿಂದ ಎತ್ತಿ ಸೇರಿಸಿದೆ. ರಸ್ತೆಯಲ್ಲಿ ಅದಕ್ಕಿಂತ ದೊಡ್ಡ ತೆಗ್ಗು ಹತ್ತು ಇದ್ದವು. ಅಲ್ಲಿ ಇಳಿಯಲಿಲ್ಲ.

ಅಣ್ಣಾರು ರುಮಾಲು ಸುತ್ತಿಕೊಂಡು ಹೊಲದಲ್ಲೇ ನಿಂತಿದ್ದರು. ಅವರ ಕಣ್ಣು ಬಲಗಡೆ ಗ್ಲಾಸಿನ ಮೇಲೇ ಇತ್ತು. ಬಾಯಾರು ಸೆರಗು ಇಲ್ಲದಿದ್ದರೂ ಸೆರಗು ಹೊದ್ದವರಂತೆ ತಲೆ ಬಗ್ಗಿಸಿ, ಬಂದ ಕಾರಣ ಹೇಳಿದರು. ಊರಿನ ನಾಲ್ಕೈದು ಮಂದಿಯೂ ಕೂಡಿದರು. ಅಣ್ಣಾರು ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. ಗಾಡಿಯ ಆಸೆ ತಮಗಿಲ್ಲ, ಅದರ ನೆರಳೂ ಬ್ಯಾಡ ಅಂದರು. ಅವರ ತೊಡಕು ಬೇರೆ ಇತ್ತು.

"ಸುದ್ದಿ ಬಂತವ್ವಾ, ಹೆಣ ಬರಲಿಲ್ಲ. ನಾ ನಿಂತು ಮೂರು ಹಿಡಿ ಮಣ್ಣ ಕೊಟ್ಟಿಲ್ಲ. ಮಣ್ಣ ಕೊಡದ, ತಮ್ಮ ಸತ್ತಾನಂತ ಹ್ಯಾಂಗ ಸೈ ಮಾಡ್ಲಿ? ಈಗ ನೋಡು, ಗ್ಲಾಸ್ ಇಳಿಸಿ ನನ್ನ ಹೊಲ ನೋಡಿದ. ಸತ್ತಂವಾ ಹಂಗ ನೋಡತಾನೇನು?"

ಯಾರೂ ನಗಲಿಲ್ಲ. ಎಲ್ಲರೂ ಬಲಗಡೆ ಸೀಟು ನೋಡಿದರು.

ಬಾಯಾರು ಗಾಡಿಯ ಕಡೆ ನಡೆದರು. ಆ ಮಣ್ಣನ್ನು ತಮಗೆ ಅಂತಲೇ ತಂದದ್ದು. ತಾವು ಸತ್ತಾಗ ಜೊತೆಗೆ ಹಾಕಿಸಿಕೊಳ್ಳಬೇಕೆಂದಿದ್ದರು ಅಂತ ಆಮೇಲೆ ನನಗೆ ಹೇಳಿದರು. ಬೆಲ್ಟು ಬಿಚ್ಚಿ ಡಬ್ಬಿ ತಂದು ಅಣ್ಣಾರ ಮುಂದೆ ಹಿಡಿದರು.

"ಭಾವಾರ, ಇಲ್ಲಿ ಅದಾರ. ನಿಮ್ಮ ಕೈಯಿಂದ ಕೊಡ್ರಿ."

ಬದುವಿನ ಮೇಲೆ ಅವರ ತಾಯಿತಂದೆಯ ಗದ್ದಿಗೆ ಇತ್ತು. ಅದರ ಪಕ್ಕದಲ್ಲಿ ಮೊಳದುದ್ದ ಕುಣಿ ತೋಡಿದರು. ನಾನು ಮೆಲ್ಲಗೆ ಗುಂಪಿನ ಹಿಂದೆ ಸರಿದು, ರಸ್ತೆ ಎಷ್ಟು ದೂರ ಅಂತ ಅಳೆದುಕೊಂಡೆ. ಅಣ್ಣಾರು ಕಾಲಿನ ಜೋಡು ಬಿಟ್ಟು, ಡಬ್ಬಿಯಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದರು. ಕುಣಿಯ ಮೇಲೆ ಕೈ ಒಯ್ದವರು ಅಲ್ಲೇ ನಿಂತರು. ಅಂಗೈ ತೆರೆದು ನೋಡಿದರು. ಮಣ್ಣಿನಲ್ಲಿ ಒಂದು ಸಣ್ಣ ನಟ್ ಹೊಳೆಯುತ್ತಿತ್ತು. ಎಣ್ಣೆಯಲ್ಲಿ ಬಿದ್ದು, ಮಣ್ಣಿನ ಜೊತೆ ಗುಡಿಸಿಹೋಗಿದ್ದ ನನ್ನ ನಟ್.

ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ನಾನು ರಸ್ತೆಯ ಕಡೆ ಒಂದು ಹೆಜ್ಜೆ ಇಟ್ಟೆ.

"ಇಂವಾ ನನ್ನ ತಮ್ಮನss" ಅಂದರು.

ಮನೆ ಬಿಡುವ ಮೊದಲು ತಮ್ಮ ಇದೇ ಹೊಲದ ಬಾವಿಯ ಮೇಲೆ ನೀರೆತ್ತುವ ಎಂಜಿನ್ ನಡೆಸುತ್ತಿದ್ದನಂತೆ. ಎಷ್ಟು ನೀರು ಎರೆದರೂ ಮೈಯ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ತಾಯಿ ಅವನ ಹಾಸಿಗೆಯನ್ನು ಪಡಸಾಲೆಗೆ ಹಾಕುತ್ತಿದ್ದಳಂತೆ. ಕಿಸೆಯಲ್ಲಿ ಯಾವಾಗಲೂ ನಟ್ಟು ಬೋಲ್ಟು. ಅಣ್ಣಾರು ಅಂಗೈಯನ್ನು ಒಬ್ಬೊಬ್ಬರ ಮೂಗಿಗೂ ಹಿಡಿದರು. ಎಲ್ಲರೂ ಮೂಸಿ ಹೌದು ಹೌದು ಅಂದರು. ನನಗೂ ಹಿಡಿದರು. ನಾನೂ ಹೌದ್ರಿ ಅಂದೆ. ಅಷ್ಟು ದೊಡ್ಡ ಮನುಷ್ಯ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಇಷ್ಟು ವರ್ಷ ಆತು, ಸಮುದ್ರ ದಾಟಿ ಬಂದಾನ, ವಾಸನಿ ಹೋಗಿಲ್ಲ ನೋಡ್ರಿ ಅಂತ ಅತ್ತರು.

ಮೂರು ಹಿಡಿ ಕೊಟ್ಟರು. ನಟ್ಟನ್ನೂ ಹಾಕಿದರು. ಉಳಿದದ್ದನ್ನು ಬಾಯಾರು ಸುರಿದರು. ಖಾಲಿ ಡಬ್ಬಿ ಮಾತ್ರ ಎದೆಗೆ ಒತ್ತಿಕೊಂಡಿದ್ದರು. ಮಧ್ಯಾಹ್ನ ತಲಾಠಿಯ ಮುಂದೆ ಸಹಿ ಆಯಿತು.

ಹೊರಡುವಾಗ ಒಬ್ಬ ಮುದುಕ ನನ್ನನ್ನು ಪಕ್ಕಕ್ಕೆ ಕರೆದ. ಆ ದೇಶದಾಗ ಮೆಕ್ಯಾನಿಕ್ ಸತ್ರ ಬರೇ ನಟ್ ಹಾಕ್ತಾರೋ, ನಟ್ ತಿರುವೋ ಪಾನಾನೂ ಹಾಕ್ತಾರೋ ಅಂತ ಕೇಳಿದ.

ಗ್ಲಾಸು

ಕೊನೆಯ ಕ್ಯಾಂಪಿನಲ್ಲಿ ಬಾಯಾರ ಹೆಸರಿಗೆ ಗಾಡಿ ಆಯಿತು. ಇನ್ಸ್‌ಪೆಕ್ಟರರು ಈ ಸಲ ಗಾಡಿಯೊಳಗೆ ಕೂಡಲಿಲ್ಲ. ಹೊರಗಿನಿಂದಲೇ ಕೈ ಮುಗಿದು, ಬ್ರೇಕು ಬರೋಬರಿ ಅಂತ ಬರೆದುಕೊಟ್ಟರು. ಬಾಯಾರು ನಮ್ಮ ರಸ್ತೆಗಳನ್ನು ಕಲಿತರು. ಎಮ್ಮೆಗೆ ಹಾರ್ನ್ ಹೊಡೆಯಬಾರದು, ಎಮ್ಮೆಯ ಹಿಂದೆ ಬರುವವನಿಗೆ ಹೊಡೆಯಬೇಕು ಅಂತ ತಿಳಿದುಕೊಂಡರು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆರು ತಿಂಗಳೂ ಮುಗಿಯುತ್ತಿದ್ದವು, ಅಂಗಾಲು ತುರಿಸತೊಡಗಿತ್ತು.

ಹೋಗುವ ಹಿಂದಿನ ದಿನ ಬಲಗಡೆ ಬಾಗಿಲನ್ನು ಇನ್ನೊಮ್ಮೆ ನೋಡಿದೆ. ಅದಕ್ಕೆ ಹೊಂದುವ ನಟ್ ಬಾಗೇವಾಡಿಯಲ್ಲೂ ಇಲ್ಲ, ಇಂಡಿಯಲ್ಲೂ ಇಲ್ಲ. ಇದ್ದದ್ದು ಒಂದೇ, ಅದು ಇಂಗಳೇಶ್ವರದ ಬದುವಿನಲ್ಲಿ. ಮೋಟರು ಸುಮ್ಮನೆ ತಿರುಗಿ ಸುಟ್ಟುಹೋಗಬಾರದೆಂದು ಗ್ಲಾಸಿನ ಫ್ಯೂಸನ್ನೇ ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಟ್ರಂಕು ತುಂಬುತ್ತಿದ್ದೆ. ಎರಡು ಅಂಗಿ, ಪಾನಾಗಳು, ಪೊಲೀಸಪ್ಪನ ಚೀಟಿ. ಝಳಕಿಯ ತನಕ ಬಿಟ್ಟುಬರುತ್ತೇನೆ, ಅಲ್ಲಿಂದ ಯಾವ ಲಾರಿ ಬೇಕಾದರೂ ಹತ್ತು ಅಂತ ಬಾಯಾರು ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಇಳಿದು ಬಂದು, ಹೊಸ್ತಿಲಲ್ಲಿ ನಿಂತು ಕೇಳಿದರು.

"ಆ ನಟ್ ನಮ್ಮ ಗಾಡೀದು ಹೌದಲ್ಲೋ ತಮ್ಮಾ?"

ಆರನೇ ಇಯತ್ತೆಯಿಂದ ಈಚೆಗೆ ನಾನು ಯಾರಿಗೂ ನಿಜ ಹೇಳಿದವನಲ್ಲ. ಹೌದ್ರಿ ಬಾಯಾರ ಅಂದೆ. ಫರಸಿ, ಎಣ್ಣೆ, ಮೂರು ಹಿಡಿ, ಗೋಣಿಚೀಲ ಎಲ್ಲ ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿದರು. ಅಳುತ್ತಾರೆ ಅಂದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಇಪ್ಪತ್ತು ವರ್ಷ ಅವರ ಅಂಗಿ ಒಗದೇನಿ, ಎಣ್ಣಿ ವಾಸನಿ ಹೋಗಿದ್ದಿಲ್ಲ. ಇಲ್ಲಿ ಬಂದಮ್ಯಾಲೂ ಎಣ್ಣಿಯಾಗs ಉಳ್ಳಾಡ್ಯಾರ ಅಂದರು.

ಟ್ರಂಕಿಗೆ ಹಗ್ಗ ಸುತ್ತುತ್ತ, ಹಿಂದಿನ ಸೀಟಿನಲ್ಲಿ ಕೂಡುತ್ತೇನೆ ಅಂದೆ. ಬ್ಯಾಡ, ಬಲಕ್ಕ ಕೂಡು ಅಂದರು. ಡಬ್ಬಿ ಈಗ ಅಲ್ಲಿಲ್ಲ, ಜಾಗ ಖಾಲಿ ಐತಿ. ಮ್ಯಾಲ ಝಳಕಿ ಚಾದವನಿಗೆ ಡ್ರೈವರ್ ಜಾಗದಾಗ ಒಂದು ಜೀವ ಕಾಣ್ಲಿ.

ಗಾಡಿ ಅಂಗಳದ ಆಚೆ ನಿಂತಿತ್ತು. ಒಳಗೆ ಯಾರೂ ಇಲ್ಲ. ಕೀಲಿ ಬಾಯಾರ ಬೆರಳಲ್ಲಿ. ಬಲಗಡೆ ಗ್ಲಾಸು ಎಂದಿನಂತೆ ಜಾರಿ ಪೂರಾ ಕೆಳಗಿತ್ತು. ನಾನು ನೋಡುತ್ತಿದ್ದಂತೆ ಅದು ಕರ್ರ್ ಅಂತ, ಅವಸರವಿಲ್ಲದೆ, ಮೇಲಕ್ಕೆ ಏರಿ ಮುಚ್ಚಿಕೊಂಡಿತು.

ಇಳಿಯುವುದಕ್ಕೆ ಕಾರಣ ನನಗೆ ಗೊತ್ತಿತ್ತು. ಏರುವುದಕ್ಕೆ ಗೊತ್ತಿರಲಿಲ್ಲ. ಅಂಗಿಯ ಕಿಸೆ ಮುಟ್ಟಿ ನೋಡಿದೆ. ಫ್ಯೂಸು ಅಲ್ಲೇ ಇತ್ತು.

ಬಾಯಾರೂ ನೋಡಿದರು. ಬೀದಿಯಲ್ಲಿ ಬಸ್ಸು ಎಬ್ಬಿಸಿದ ಧೂಳಿನ ಕಡೆ ಒಮ್ಮೆ ನೋಡಿ, ದಿನಾ ನೋಡುವ ಸಂಗತಿಯಂತೆ ಕೀಲಿ ತಿರುವಿಕೊಳ್ಳುತ್ತ ನಡೆದರು.

"ಧೂಳ ಬ್ಯಾಡಾತು ಕಾಣಸ್ತದ ಅವರಿಗೆ" ಅಂದರು. "ಹಂಗಾರ ನೀ ಹಿಂದss ಕೂಡು ತಮ್ಮಾ."

ನಾನು ಟ್ರಂಕಿನ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ, ಹಿಂದಿನ ಬಾಗಿಲು ತೆಗೆದೆ.